ಸ್ಕಾಟ್ಲೆಂಡಿನ ಬಾಥಿಗಳಲ್ಲಿ ರಾತ್ರಿ ತಂಗುವ ಬಗೆ

ಸ್ಕಾಟ್ಲೆಂಡಿನ ನಿರ್ಜನ ಕಣಿವೆಗಳಲ್ಲಿ, ಹಲವೆಡೆ ರಸ್ತೆಯಿಂದ ಗಂಟೆಗಟ್ಟಲೆ ನಡೆದು ತಲುಪಬೇಕಾದ, ಬೀಗ ಹಾಕದ ಸಾದಾ ಮನೆಗಳನ್ನು ಬಾಥಿ ಎನ್ನುತ್ತಾರೆ. ಹಿಂದೆ ಕುರಿಗಾಹಿಗಳೂ ಎಸ್ಟೇಟಿನ ಕೆಲಸಗಾರರೂ ವಾಸವಾಗಿದ್ದು ಬಿಟ್ಟುಹೋದ ಇಂಥ ಸುಮಾರು 100 ಮನೆಗಳನ್ನು, ಉತ್ತರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೆಲವನ್ನೂ ಸೇರಿಸಿ, 1965ರಲ್ಲಿ ಆರಂಭವಾದ ಮೌಂಟನ್ ಬಾಥೀಸ್ ಅಸೋಸಿಯೇಷನ್ನಿನ ಸ್ವಯಂಸೇವಕರು ಮಾಲೀಕರ ಒಪ್ಪಿಗೆಯಿಂದ ದುರಸ್ತಿ ಮಾಡಿ ಕಾಪಾಡುತ್ತಿದ್ದಾರೆ. ಇವುಗಳಿಗೆ ಬಾಡಿಗೆಯಿಲ್ಲ, ಮೊದಲೇ ಜಾಗ ಕಾಯ್ದಿರಿಸುವ ಏರ್ಪಾಡೂ ಇಲ್ಲ.

ಹೊರಡುವಾಗ ಬಾಥಿ ಇಲ್ಲವೆಂದೇ ಎಣಿಸಿ ಗಂಟುಮೂಟೆ ಕಟ್ಟಬೇಕು. ಒಳಗೆ ಸಾಮಾನ್ಯವಾಗಿ ವಿದ್ಯುತ್ತು, ನಲ್ಲಿ, ಹಾಸಿಗೆ ಯಾವುದೂ ಇರುವುದಿಲ್ಲ. ಮಲಗಲು ಮರದ ಜಗಲಿ ಅಥವಾ ಬರಿಯ ನೆಲ. ಆದ್ದರಿಂದ ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್, ಚಾಪೆ, ಸ್ಟೌವ್, ಟಾರ್ಚು ಮತ್ತು ಊಟದ ಸಾಮಗ್ರಿ ಜೊತೆಗಿರಲಿ. ಟೆಂಟನ್ನೂ ಹೊತ್ತೊಯ್ಯಿರಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಮಳೆಯಲ್ಲಿ ತೊಯ್ದು ಕತ್ತಲಾದ ಮೇಲೆ ತಲುಪಿದಾಗ ಒಳಗೆ ಕಾಲಿಡಲು ಜಾಗವಿಲ್ಲದಿರಬಹುದು. ಆರು ಅಥವಾ ಹೆಚ್ಚು ಜನರ ಗುಂಪು ಬಾಥಿಯನ್ನು ಬಳಸಬಾರದೆಂಬ ನಿಯಮವಿರುವುದೂ ಜಾಗ ಕಿರಿದೆಂಬ ಕಾರಣಕ್ಕೇ. ಜಿಂಕೆ ಬೇಟೆಯ ದಿನಗಳಲ್ಲಿ, ಮುಖ್ಯವಾಗಿ ಶರತ್ಕಾಲದಲ್ಲಿ, ಕೆಲವು ಬಾಥಿಗಳನ್ನು ಬಳಸುವಂತಿಲ್ಲ. ಇದನ್ನು ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಎಲ್ಲ ಬಾಥಿಗಳಲ್ಲೂ ಅಗ್ಗಿಷ್ಟಿಕೆ ಇರುವುದಿಲ್ಲ. ಇದ್ದರೂ ಸೌದೆ ಅಥವಾ ಕಲ್ಲಿದ್ದಲನ್ನು ನೀವೇ ತರಬೇಕು. ಹಸಿ ಮರವನ್ನು ಎಂದಿಗೂ ಕಡಿಯಬಾರದು. ಬಾಗಿಲು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಸ್ಟೌವ್ ಉರಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೆ ಕುತ್ತು ಬರಬಹುದಾದ ಕಾರಣ, ಎಷ್ಟೇ ಚಳಿಯಿದ್ದರೂ ಗಾಳಿಯಾಡಲು ಎಡೆ ಬಿಡಿ.

ಕೇರ್ನ್‌ಗಾರ್ಮ್ಸ್ ಬೆಟ್ಟಗಳ ಕೊರೌರ್ ಬಾಥಿಯಲ್ಲಿ ಶೌಚಾಲಯವುಂಟು. ಹೆಚ್ಚಿನ ಕಡೆ ಅದಕ್ಕೆ ಬದಲು ಒಂದು ಸಲಿಕೆಯನ್ನಷ್ಟೇ ಇಟ್ಟಿರುತ್ತಾರೆ. ಅದನ್ನು ಹಿಡಿದು ಮನೆಯಿಂದಲೂ ತೊರೆಯಿಂದಲೂ ಸಾಕಷ್ಟು ದೂರ ಹೋಗಿ, ಗುಂಡಿ ತೋಡಿ, ಮಣ್ಣು ಮುಚ್ಚಿ ಬರಬೇಕು. ಎಲ್ಲರೂ ಕುಡಿಯುವುದು ಅದೇ ತೊರೆಯ ನೀರನ್ನು. ಆ ನೀರನ್ನೂ ಕುದಿಸಿಯೇ ಕುಡಿಯುವುದು ಕ್ಷೇಮ.

ಮರುದಿನ ನೆಲ ಗುಡಿಸಿ, ಕಸವನ್ನೂ ಉಳಿದ ತಿಂಡಿಯನ್ನೂ ಚೀಲಕ್ಕೆ ತುಂಬಿಕೊಳ್ಳಿ. ಆಹಾರ ಬಿಟ್ಟರೆ ಇಲಿಗಳು ಸೇರಿಕೊಳ್ಳುತ್ತವೆ. ಬೆಂಕಿ ಪೂರ್ತಿ ಆರಿದೆಯೇ ಎಂದು ಬೂದಿಯನ್ನು ಕೆದಕಿ ನೋಡಿ. ಹೊರಬಂದ ಮೇಲೆ ಚಿಲಕ ಹಾಕಿ, ಬಾಗಿಲನ್ನು ಒಮ್ಮೆ ಕೈಯಿಂದ ತಳ್ಳಿ ಪರೀಕ್ಷಿಸಿ. ತೆರೆದ ಬಾಗಿಲಿನಿಂದ ಒಳಹೊಕ್ಕ ಕುರಿಯೊಂದು, ಗಾಳಿಗೆ ಅದು ಮುಚ್ಚಿಕೊಂಡರೆ, ಹೊರಬರಲಾಗದೆ ಅಲ್ಲಿಯೇ ಸಾಯುತ್ತದೆ.