ಕುಷ್ಟಗಿಯ ಗಾಳಿ, ಬುಧವಾರದ ಮಾರುಕಟ್ಟೆ

ಕುಷ್ಟಗಿ ತಾಲ್ಲೂಕಿನಲ್ಲಿ ಎಂಟು ಗಾಳಿಯಂತ್ರಗಳ (ಊರವರ ಬಾಯಲ್ಲಿ ಅವು ‘ಫ್ಯಾನು’) ಲೆಕ್ಕಪತ್ರ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ್ದು 2012ರಲ್ಲಿ. ನವೀಕರಿಸಬಹುದಾದ ಇಂಧನ ಪ್ರಮಾಣಪತ್ರಗಳ, ಅಂದರೆ ಆರ್‌ಇಸಿಗಳ ವಹಿವಾಟು ಹಿಂದಿನ ವರ್ಷವಷ್ಟೇ ಆರಂಭವಾಗಿತ್ತು. ಗ್ರಿಡ್‌ಗೆ ಹೋದ ಸಾವಿರ ಯೂನಿಟ್‌ಗೆ ಒಂದು ಪ್ರಮಾಣಪತ್ರ. ಇಂತಿಷ್ಟು ಹಸಿರು ವಿದ್ಯುತ್ ಬಳಸಲೇಬೇಕೆಂಬ ಆರ್‌ಪಿಒ ಕಟ್ಟಳೆಗೆ ಒಳಪಟ್ಟ ವಿತರಣಾ ಕಂಪನಿಗಳೂ ಸ್ವಂತ ವಿದ್ಯುತ್ ಸ್ಥಾವರವುಳ್ಳ ಕಾರ್ಖಾನೆಗಳೂ ಇವನ್ನು ಕೊಳ್ಳುತ್ತವೆಂಬುದು ಸರ್ಕಾರದ ಲೆಕ್ಕಾಚಾರ. ಅದನ್ನು ನಂಬಿ ನಾವು ವೀಲಿಂಗ್ ಶುಲ್ಕದ (ಗ್ರಿಡ್ ತಂತಿಯಲ್ಲಿ ವಿದ್ಯುತ್ ಸಾಗಿಸಲು ತೆರುವ ಬಾಡಿಗೆಯ) ರಿಯಾಯಿತಿಯನ್ನೇ ಬಿಟ್ಟುಕೊಟ್ಟೆವು.

ಪ್ರಮಾಣಪತ್ರ ಕೊಡುವ ಮುನ್ನ ನಡೆಯುವ ಯೂನಿಟ್ ಎಣಿಕೆಯ ಬಿಗಿಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಒಮ್ಮೆ ಉಪಕೇಂದ್ರದ ಜಂಟಿ ಮೀಟರ್ ರೀಡಿಂಗ್ ಹಾಳೆಯಲ್ಲಿ ತಿದ್ದಿದ ಒಂದೇ ಅಂಕಿಯ ಪಕ್ಕ ಸಹಿ ಬಿಟ್ಟುಹೋಗಿದ್ದಕ್ಕೆ ಇಡೀ ತಿಂಗಳ ಅರ್ಜಿ ವಾಪಸಾಯಿತು. ಸಹಿ ಹಾಕಬೇಕಾದ ಎಂಜಿನಿಯರರು ವರ್ಗವಾಗಿದ್ದರಿಂದ ಅವರನ್ನು ಹುಡುಕಿಕೊಂಡು ರಾಯಚೂರಿಗೆ ಹೋಗಿಬಂದೆ.

ತೊಡಕಿದ್ದದ್ದು ಮಾರಾಟದಲ್ಲಿ. ಗಾಳಿ ಬಿರುಸಾದ ಒಂದು ಜುಲೈನಲ್ಲಿ 18 ಲಕ್ಷ ಯೂನಿಟ್ ಉತ್ಪಾದನೆಯಾಗಿ 1,800 ಪ್ರಮಾಣಪತ್ರಗಳು ಕೈಸೇರಿದವು. ನಮ್ಮಂಥ ಸೌರೇತರ ಪ್ರಮಾಣಪತ್ರದ ಕನಿಷ್ಠ ಬೆಲೆ ಆಗ 1,500 ರೂಪಾಯಿ. ಕಾಗದದ ಮೇಲೆ 27 ಲಕ್ಷ. ತಿಂಗಳ ಕೊನೆಯ ಬುಧವಾರ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಅಷ್ಟನ್ನೂ ಮಾರಾಟಕ್ಕಿಟ್ಟರೆ ಹೋದದ್ದು ಎಪ್ಪತ್ತು ಚಿಲ್ಲರೆ ಪ್ರಮಾಣಪತ್ರ. ಮಾರ್ಚ್ ಬಂದಾಗ ಮಾತ್ರ ಕೊಳ್ಳುವವರು ತುಸು ಹೆಚ್ಚುತ್ತಿದ್ದರು. ಗಿಣಿಗೇರಿ ಕಡೆಯ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದವರನ್ನು ಏಕೆ ಕೊಳ್ಳುವುದಿಲ್ಲವೆಂದು ನೇರವಾಗಿ ಕೇಳಿದೆ. “ದಂಡ ಹಾಕಾಕ ಬಂದಾಗ ನೋಡೋಣ ಬಿಡ್ರಿ ಸರ” ಎಂದು ಚಹಾ ತರಿಸಿದರು. ಅವರನ್ನು ದೂರಿ ಫಲವಿರಲಿಲ್ಲ, ಏಕೆಂದರೆ ಎಷ್ಟೋ ರಾಜ್ಯಗಳಲ್ಲಿ ವಿತರಣಾ ಕಂಪನಿಗಳ ಆರ್‌ಪಿಒ ಬಾಕಿಯನ್ನೇ ವಿದ್ಯುತ್ ನಿಯಂತ್ರಣ ಆಯೋಗಗಳು ಮುಂದಿನ ವರ್ಷಕ್ಕೆ ದೂಡುತ್ತಿದ್ದವು. ಮಾರಾಟವಾಗದೆ ಉಳಿದ ಪ್ರಮಾಣಪತ್ರಗಳು ದೇಶದಲ್ಲಿ ಕೋಟಿ ದಾಟಿದವು, ಅವುಗಳ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು.

2017ರಲ್ಲಿ ಕನಿಷ್ಠ ಬೆಲೆ 1,000ಕ್ಕೆ ಇಳಿಯಿತು. 2020ರ ಜುಲೈನಿಂದ 2021ರ ನವೆಂಬರ್‌ವರೆಗೆ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯ ತಡೆಯಾಜ್ಞೆಯಿಂದ ವಹಿವಾಟೇ ನಿಂತಿತ್ತು. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಕನಿಷ್ಠ ಬೆಲೆಯನ್ನು ತೆಗೆದುಹಾಕಿ, ಪ್ರಮಾಣಪತ್ರ ಮಾರಾಟವಾಗುವವರೆಗೂ ಊರ್ಜಿತ ಎಂದವು. ಅವಧಿಯ ಆತಂಕ ತಪ್ಪಿತು. ಆದರೆ 2024ರ ಹೊತ್ತಿಗೆ ಬೆಲೆ ನೂರು ಚಿಲ್ಲರೆ ರೂಪಾಯಿಗೆ ಕುಸಿದಿತ್ತು. ಆ ವರ್ಷ ಇನ್ನೆರಡು ಯಂತ್ರ ಹಾಕಲು ಸಾಲ ಕೇಳಿದಾಗ, ಯೋಜನಾ ವರದಿಯ ಆರ್‌ಇಸಿ ಆದಾಯದ ಕಾಲಂನಲ್ಲಿ ಬ್ಯಾಂಕಿನವರು ನನ್ನ ಕೈಯಿಂದಲೇ ಸೊನ್ನೆ ಬರೆಸಿದರು.