ಮಗ್ಗಲು ಬದಲಿಸುವುದರಿಂದಲೇ ಪಾಠ ಶುರು

ಪುಣೆಯಲ್ಲಿ ಆಯಾ, ವಾರ್ಡ್‌ಬಾಯ್ ಕೆಲಸಕ್ಕೆ ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರಿಗೆ ನಾನು ಮೊದಲು ಕಲಿಸುವುದು ರೋಗಿಯ ಮಗ್ಗಲು ಬದಲಿಸುವುದನ್ನು. ಎತ್ತುವುದು, ಚರ್ಮ ನೋಡುವುದು, ಕೊಳವೆ ಕಾಯುವುದು, ಸಿಸ್ಟರ್‌ಗೆ ವರದಿ ಮಾಡುವುದು ಎಲ್ಲವೂ ಅದರಲ್ಲೇ ಬರುತ್ತದೆ.

ಮೊದಲು ಕಲಿಯುವವರನ್ನೇ ಮಂಚದ ಮೇಲೆ ಅಂಗಾತ ಮಲಗಿಸಿ, ಬೆನ್ನಡಿ ಚಾದರದ ಒಂದು ಮಡಿಕೆ ಬಿಟ್ಟು, 20 ನಿಮಿಷ ಅಲುಗಾಡಬೇಡಿ ಎನ್ನುತ್ತೇನೆ. ಒತ್ತಡದ ಬಗ್ಗೆ ಭಾಷಣ ಆಮೇಲೆ ಬೇಕಾಗುವುದಿಲ್ಲ.

ಮಂಚದ ಬ್ರೇಕ್ ಹಾಕಿ, ಎತ್ತರ ಸೊಂಟದ ಮಟ್ಟಕ್ಕೆ ತರಬೇಕು. ಭುಜದಿಂದ ತೊಡೆಯವರೆಗೆ ಅಡ್ಡ ಚಾದರ. ಎರಡು ಬದಿಗೆ ನಿಂತ ಇಬ್ಬರೂ ಅದರ ಅಂಚನ್ನು ರೋಗಿಯ ಮೈಗೆ ಹತ್ತಿರ ಸುತ್ತಿ ಹಿಡಿದು, ಎತ್ತಿ ಸರಿಸಬೇಕು. ಎಳೆದರೆ ಚರ್ಮ ಹಾಸಿಗೆಗೆ ಅಂಟಿ ನಿಲ್ಲುತ್ತದೆ, ಮೂಳೆ ಮುಂದಕ್ಕೆ ಹೋಗುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಹಿಂಡಿ ಹೋಗುತ್ತವೆ. ಒಂದೇ ಕಡೆ ಮಲಗಿದವರಿಗೆ ಆಗುವ ಹಾಸಿಗೆ ಹುಣ್ಣು ಒಳಗಿನಿಂದ ಏಳುವುದು ಹೀಗೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿಯ ಅಡಿ ಅಂಗೈ ಸಲೀಸಾಗಿ ತೂರಬೇಕು.

ರೋಗಿಯನ್ನು ಹೊರಳಿಸುವ ಮೊದಲೇ ಮೂತ್ರದ ಚೀಲವನ್ನು ಅವರು ಹೊರಳುವ ಬದಿಗೆ ದಾಟಿಸಿ. ಅದು ಮೂತ್ರಕೋಶಕ್ಕಿಂತ ಮೇಲೆ ಹೋಗಬಾರದು, ನೆಲಕ್ಕೂ ತಾಗಬಾರದು. ಮೂಗಿನ ಕೊಳವೆಯಲ್ಲಿ ಆಗಷ್ಟೇ ಆಹಾರ ಕೊಟ್ಟಿದ್ದರೆ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲೇ ಅರ್ಧದಿಂದ ಒಂದು ಗಂಟೆ ಇರಲಿ. ಸೊಂಟ, ಬೆನ್ನುಮೂಳೆ ಆಪರೇಷನ್ ಆದವರನ್ನು ಸಿಸ್ಟರ್ ಹೇಳದೆ ಮುಟ್ಟುವ ಹಾಗಿಲ್ಲ.

ಹೊರಳಿಸಿದಾಗ ಬಾಲಮೂಳೆಯ ಸುತ್ತ, ಸೊಂಟ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಆದರೆ ನಮ್ಮ ಜನರ ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಬಿಸಿಯೋ, ಗಟ್ಟಿಯೋ, ನೋವೋ ಎಂದು ಕೈಯಿಂದ ತಿಳಿಯಬೇಕು. ಮನೆಯಲ್ಲಿ ಎಣ್ಣೆ ತಿಕ್ಕಿ ರೂಢಿಯಿದ್ದವರ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ತಿಕ್ಕಬಾರದು, ಒಳಗೆ ಇನ್ನಷ್ಟು ಹಾನಿ. ಮನೆಯವರು ಪ್ರೀತಿಯಿಂದ ತರುವ ಗಾಳಿ ತುಂಬಿದ ರಬ್ಬರ್ ರಿಂಗ್ ಕೂಡ ಬೇಡ, ಅದರ ಅಂಚೇ ಸುತ್ತಲಿನ ರಕ್ತ ತಡೆಯುತ್ತದೆ. ಏರ್‌ಬೆಡ್ ಇದ್ದರೂ ಮಗ್ಗಲು ತಪ್ಪಿಸುವಂತಿಲ್ಲ.

ಸಾಮಾನ್ಯವಾಗಿ 2 ಗಂಟೆಗೊಮ್ಮೆ. ರಾತ್ರಿಪಾಳಿಯ ಚಾರ್ಟಿನಲ್ಲಿ ಬೆಳಗಿನ ಜಾವ ಒಂದೇ ಸಲ ಎಲ್ಲ ಟಿಕ್ ಬೀಳುವುದುಂಟು. ಅದಕ್ಕೆ ಟಿಕ್ ತೆಗೆದು ಎಡ, ಬಲ, ಅಂಗಾತದ ಚಿತ್ರ ಹಾಕಿಸಿದೆ. ಓದಲು ಬಾರದವರೂ ತುಂಬುತ್ತಾರೆ, ಸಿಸ್ಟರ್ ರೋಗಿಯ ಕಡೆ ನೋಡಿದರೆ ತಾಳೆಯಾಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ವರದಿಯಲ್ಲಿ ಜಾಗ, ಅಳತೆ, ಯಾವಾಗ ಕಂಡಿದ್ದು, ಮೂರೂ ಬೇಕು. ವಾರ್ಡಿನ ಮಾತು ಮರಾಠಿ, ಹಾಗಾಗಿ ಒಂದು ವಾಕ್ಯ ಬಾಯಿಪಾಠ ಮಾಡಿಸುತ್ತೇನೆ: "ಸಿಸ್ಟರ್, ಕಮರೇಖಾಲೀ ಲಾಲ್ ಝಾಲಂಯ್, ದಾಬಲಂ ತರೀ ಜಾತ್ ನಾಹೀ." ಅಂದರೆ, ಸೊಂಟದ ಕೆಳಗೆ ಕೆಂಪಾಗಿದೆ, ಒತ್ತಿದರೂ ಹೋಗುತ್ತಿಲ್ಲ. ಡ್ರೆಸ್ಸಿಂಗ್, ಔಷಧ, ಸಲೈನಿನ ವೇಗ ಇವಕ್ಕೆ ಯಾರು ಎಷ್ಟೇ ಒತ್ತಾಯಿಸಿದರೂ ಕೈ ಹಾಕಬಾರದು.