ಪಾಳು ಗದ್ದೆಯಲ್ಲಿ ಮತ್ತೆ ನೀರು ನಿಲ್ಲಿಸುವುದು ಹೇಗೆ?

ಕೊಡಗಿನಲ್ಲಿ ಈಗ ಯಾವ ಊರಿನ ತಿರುವಿನಲ್ಲಿ ನಿಂತು ನೋಡಿದರೂ ಒಂದೇ ಥರ. ಎರಡು ಕಾಫಿ ಗುಡ್ಡಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆ, ಅದರಲ್ಲಿ ಅರ್ಧಕ್ಕರ್ಧ ಪಾಳು. ಆಳು ಸಿಗುವುದಿಲ್ಲ, ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಆನೆ ಇಳಿಯುತ್ತದೆ, ಭತ್ತ ಮಾರಿದ ದುಡ್ಡಿನಲ್ಲಿ ನಾಟಿ ಕೂಲಿಯೂ ಹುಟ್ಟುವುದಿಲ್ಲ. ಬೇಸತ್ತು ಶುಂಠಿಗೆ ಗುತ್ತಿಗೆ ಕೊಡುತ್ತೇವೆ. ಶುಂಠಿಗೆ ಬುಡದಲ್ಲಿ ನೀರು ನಿಲ್ಲಬಾರದು, ಹಾಗಾಗಿ ಆಳ ಚರಂಡಿ ತೋಡುತ್ತಾರೆ. ಬೆಳೆ ಕಿತ್ತುಕೊಂಡು ಹೋದ ಮೇಲೂ ಚರಂಡಿ ಅಲ್ಲೇ ಉಳಿಯುತ್ತದೆ.

ನಾಪೋಕ್ಲು ಕಡೆಯ ನಮ್ಮ ಒಂದೂವರೆ ಎಕರೆ ಗದ್ದೆಯ ಕತೆಯೂ ಇದೇ. ಗುತ್ತಿಗೆ ಮುಗಿದ ಮರುವರ್ಷ ಏಪ್ರಿಲ್‌ನಲ್ಲಿ ಮನೆಯ ಬಾವಿ ಮೊದಲ ಬಾರಿ ತಳ ಕಂಡಿತು. ಪಕ್ಕದ ಮನೆ ಅಜ್ಜ ಚರಂಡಿ ನೋಡಿ, ‘ನೀರಿಗೆ ರೋಡು ಮಾಡಿಕೊಟ್ಟಿದ್ದೀಯಲ್ಲ ಮಗಾ, ಇನ್ನು ಅದು ನಿಲ್ಲುತ್ತದಾ?’ ಎಂದರು. ಗದ್ದೆ ಸರಿಪಡಿಸುವ ಕೆಲಸವೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ. ಗಿಡ ನೆಡುವುದು, ಕೆರೆ ತೋಡುವುದು ಎಲ್ಲ ಆಮೇಲೆ. ಮೊದಲು ಆ ರೋಡು ಮುಚ್ಚಬೇಕು.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 4 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರಾದರೆ 80 ಲೋಡು. ಮಳೆಗಾಲದಲ್ಲಿ ಇದು ಮತ್ತೆ ಮತ್ತೆ ತುಂಬುತ್ತದೆ, ಇಂಗುತ್ತದೆ, ಕೆಳಗಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ನಿಧಾನ ಜಿನುಗುತ್ತದೆ. ಆದರೆ 2017ರ ಜೌಗುಪ್ರದೇಶ ಸಂರಕ್ಷಣಾ ನಿಯಮಗಳಲ್ಲಿ ಭತ್ತದ ಗದ್ದೆ ಜೌಗುಪ್ರದೇಶವೇ ಅಲ್ಲ, ವ್ಯಾಖ್ಯಾನದಿಂದಲೇ ಅದನ್ನು ಹೊರಗಿಟ್ಟಿದ್ದಾರೆ. ಕಪ್ಪೆಗೆ, ಬೆಳ್ಳಕ್ಕಿಗೆ ಈ ವಿಷಯ ಯಾರೂ ಹೇಳಿದಂತಿಲ್ಲ.

ಮೊದಲ ಮಳೆಗಾಲ: ಕೊಡೆ ಹಿಡಿದು ನಡೆಯಿರಿ

ಜುಲೈಯಲ್ಲಿ ಜೋರು ಮಳೆ ಹೊಡೆಯುವಾಗಲೇ ಗದ್ದೆಗೆ ಇಳಿಯಿರಿ. ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ಓಡುತ್ತದೆ, ಎಲ್ಲಿ ಹೊರಬೀಳುತ್ತದೆ ನೋಡಿ ಒಂದೊಂದು ಕಡೆಗೂ ಗೂಟ ಹೊಡೆಯಿರಿ. ಫೆಬ್ರವರಿಯಲ್ಲಿ ಇನ್ನೊಮ್ಮೆ ನಡೆಯಿರಿ. ಒಂದೆಲಗ, ಕೆಸ, ಜೊಂಡು ಇನ್ನೂ ಹಸಿರಾಗಿರುವ ಜಾಗದ ಅಡಿಯಲ್ಲಿ ತೇವ ಉಳಿದಿದೆ ಎಂದರ್ಥ. ಲಂಟಾನ ಬಂದಿದ್ದರೆ ಅಲ್ಲಿ ನೆಲ ಒಣಗಿ ಕೆಲವು ವರ್ಷಗಳೇ ಆಗಿವೆ. ಈ ಎರಡು ಓಡಾಟಕ್ಕೆ ಪೈಸೆ ಖರ್ಚಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ.

ಸರ್ವೆ ನಕ್ಷೆಯನ್ನೂ ಒಮ್ಮೆ ಬಿಡಿಸಿ ನೋಡಿ. ನಕ್ಷೆಯಲ್ಲಿರುವ ತೋಡು ಸರ್ಕಾರಿ ಖರಾಬು. ಅದಕ್ಕೆ ಅಡ್ಡ ಕಟ್ಟುವ ಹಕ್ಕು ನಮಗಿಲ್ಲ, ಕಟ್ಟಲೂಬಾರದು. ನಾವು ಮುಚ್ಚುವುದು ನಮ್ಮ ಗದ್ದೆಯೊಳಗೆ ನಾವೋ ಗುತ್ತಿಗೆಯವರೋ ತೋಡಿದ ಚರಂಡಿಯನ್ನು ಮಾತ್ರ. ಇನ್ನೊಂದು ಎಚ್ಚರಿಕೆ: ಈ ಕೆಲಸ ಕಣಿವೆಯ ತಳದ ಗದ್ದೆಗೆ ಮಾತ್ರ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಹೇಗೆ ಜಾರಿದವು ಎಂದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕಡಿದಾದ ಬಾಣೆಯಲ್ಲಿ (ಗದ್ದೆಯ ಮೇಲಿನ ಗುಡ್ಡದ ಜಾಗದಲ್ಲಿ), ಬಿರುಕು ಕಂಡ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವ ಹುಮ್ಮಸ್ಸು ಬೇಡವೇ ಬೇಡ.

ಕಳೆ ಕೀಳುವುದು

ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮುನ್ನ, ನೆಲ ಇನ್ನೂ ಮೆತ್ತಗಿರುವಾಗ ಬೇರುಸಹಿತ ಕಿತ್ತುಬಿಡಿ. ಹೂ ಬಂದ ಮೇಲೆ ಕಡಿದರೆ ಬೀಜ ಗಾಳಿಯಲ್ಲಿ ಹಾರಿ ನಾಲ್ಕು ಮನೆ ದಾಟುತ್ತದೆ. ಲಂಟಾನವನ್ನು ಮೇಲೆ ಸವರಿದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಬುಡದ ಮಣ್ಣು ಸರಿಸಿ, ಬೇರು ಶುರುವಾಗುವ ಗಂಟಿನ ಕೆಳಗೆ ಹಾರೆಯಿಂದ ಕಡಿದು, ಗಿಡವನ್ನು ಬೇರು ಮೇಲಾಗಿ ಮಗುಚಿಡಿ. ಮೈಕೇನಿಯಾ ಬಳ್ಳಿ ಇನ್ನೂ ಕಿಲಾಡಿ. ಪ್ರತಿ ಗೆಣ್ಣಿನಲ್ಲೂ ಬೇರು ಬಿಡುತ್ತದೆ, ತುಂಡುಗಳನ್ನು ತೋಡಿಗೆ ಎಸೆದರೆ ಕೆಳಗಿನವರ ಗದ್ದೆಗೂ ನೀವೇ ನಾಟಿ ಮಾಡಿದಂತೆ. ಕಳೆನಾಶಕ ಹೊಡೆಯಬೇಡಿ. ಗೊದಮೊಟ್ಟೆ ಆಗುವ ನೀರಿಗೇ ಅದು ಇಳಿಯುತ್ತದೆ.

ಚರಂಡಿ ಮುಚ್ಚುವುದು

ಮೊದಲ ವರ್ಷ ನಾನು ಇಲ್ಲಿಯೇ ಎಡವಿದೆ. ಮಾರ್ಚ್‌ನಲ್ಲಿ ಜೆಸಿಬಿ ತರಿಸಿ, ಚರಂಡಿಯ ಅಕ್ಕಪಕ್ಕದ ಸಡಿಲ ಮಣ್ಣನ್ನೇ ಮೂರು ಕಡೆ ತಳ್ಳಿಸಿದೆ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು, ಜುಲೈಯ ಒಂದು ರಾತ್ರಿಯಲ್ಲಿ ಮಣ್ಣೂ ಮುಗಿಯಿತು. ಅಷ್ಟೇ ಅಲ್ಲ, ಯಂತ್ರದ ಬಕೆಟ್ ಗದ್ದೆಯ ಗಟ್ಟಿ ತಳವನ್ನು ಎರಡು ಕಡೆ ಒಡೆದಿತ್ತು. ತಲೆತಲಾಂತರದಿಂದ ಉಳುಮೆ ಮಾಡಿ, ಕೆಸರು ತುಳಿದು ಕೂತ ತಳ ಅದು. ನೀರನ್ನು ಹಿಡಿದಿಡುವುದೇ ಅದು. ಅದು ಒಡೆದರೆ ಮೇಲೆ ಏನು ಕಟ್ಟಿದರೂ ತಳ ಸೋರುತ್ತದೆ.

ಎರಡನೇ ವರ್ಷ ಗುದ್ದಲಿ, ಬುಟ್ಟಿ, ಮೂರು ಆಳು. ಕ್ರಮ ಹೀಗೆ.

ಮಣ್ಣು ಆರಿಸಿ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಪೆನ್ಸಿಲ್ ದಪ್ಪದ ಹುರಿ ಮಾಡಿ ಬೆರಳಿಗೆ ಸುತ್ತಿ. ಬಿರಿಯದೆ ಸುತ್ತಿಕೊಂಡರೆ ಅಂಟುಮಣ್ಣು, ಅದೇ ಬೇಕು. ಪುಡಿಯಾದರೆ ಆ ಮಣ್ಣನ್ನು ಬಿಟ್ಟುಬಿಡಿ.

ಚರಂಡಿಗೆ ಅಡ್ಡವಾಗಿ ಮಣ್ಣಿನ ಕಟ್ಟು ಕೂರುವ ಜಾಗದಲ್ಲಿ ಅದರ ತಳವನ್ನೂ ಎರಡು ಬದಿಯನ್ನೂ ಅರ್ಧ ಅಡಿ ಕೊರೆದು ಕಚ್ಚು ಮಾಡಿ. ಹುಲ್ಲು, ಬೇರು, ಎಲೆ ಒಂದೂ ಇರಬಾರದು. ಅವು ಕೊಳೆತ ದಾರಿಯಲ್ಲೇ ನೀರು ನುಗ್ಗುತ್ತದೆ. ಅರ್ಧ ಅಡಿ ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ತುಂಡಿನಿಂದ ಬಡಿಯಿರಿ. ಮೇಲೆ ಇನ್ನರ್ಧ ಅಡಿ, ಮತ್ತೆ ಬಡಿತ. ಎತ್ತರ ಮೂರಡಿಯಾದರೆ ಬುಡದ ಅಗಲ ಆರಡಿಗೆ ಕಡಿಮೆ ಬೇಡ. ತುದಿಯನ್ನು ಗದ್ದೆಯ ನೆಲಕ್ಕಿಂತ ಒಂದು ಗೇಣು ಎತ್ತರಿಸಿ. ಆಗ ತುಂಬಿದ ನೀರು ಕಟ್ಟಿನ ತಲೆಯ ಮೇಲೆ ಹರಿಯದೆ ಎರಡೂ ಬದಿಯ ಹುಲ್ಲಿನ ಮೇಲೆ ಹರಡುತ್ತದೆ. ನಮಗೆ ಬೇಕಾದದ್ದೇ ಆ ಹರಡುವಿಕೆ.

ಒಂದೇ ದೊಡ್ಡ ಕಟ್ಟು ಕಟ್ಟಬೇಡಿ, ಹಲವು ಸಣ್ಣವು ಇರಲಿ. ಎಷ್ಟು ದೂರಕ್ಕೊಂದು? ಕೆಳಗಿನ ಕಟ್ಟಿನ ಹಿಂದೆ ನಿಂತ ನೀರು ಮೇಲಿನ ಕಟ್ಟಿನ ಬುಡ ಮುಟ್ಟಬೇಕು. ಕೊನೆಯ ಬದುವಿನಲ್ಲಿ ಕಲ್ಲು ಹಾಸಿದ ಅಗಲವಾದ ಕೋಡಿ ಬಿಡಿ. ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಅದು, ಆರಿಂಚಿನ ಪೈಪು ಹಾಕಿ ಸುಮ್ಮನಾಗಬೇಡಿ.

ಆ ವರ್ಷ ಮೊದಲ ನೀರು ನಿಂತ ಸಂಜೆ ಬದುವಿನ ಮೇಲೆ ಕೂತಿದ್ದೆ. ಗುಳುಗುಳು ಸದ್ದು. ನೋಡಿದರೆ ಏಡಿ ಬಿಲ ಒಂದರಲ್ಲಿ ನೀರು ಸುಳಿ ಸುತ್ತುತ್ತ ಇಳಿಯುತ್ತಿತ್ತು, ಬದುವಿನ ಆ ಕಡೆ ಕೈಬೆರಳಿನಷ್ಟು ಧಾರೆಯಾಗಿ ಹೊರಬರುತ್ತಿತ್ತು. ಹೊರಬಾಯಿ ಮುಚ್ಚಿದರೆ ಉಪಯೋಗವಿಲ್ಲ. ನೀರು ಒಳಹೋಗುವ ಬಾಯಿಯನ್ನು ಅಗೆದು, ಅಂಟುಮಣ್ಣಿನ ಉಂಡೆ ತುರುಕಿ ಕಾಲಿಂದ ತುಳಿಯಬೇಕು. ಆ ಮಳೆಗಾಲ ಹನ್ನೊಂದು ಬಿಲ ಮುಚ್ಚಿದೆ. ಏಡಿಗಳೂ ಸುಮ್ಮನೆ ಕೂರಲಿಲ್ಲ.

ಕೆರೆ ಇದ್ದರೆ

ಗದ್ದೆಯ ತಲೆಯಲ್ಲಿ ಹಳೆಯ ಕೆರೆ ಇದ್ದರೆ ಎಲ್ಲರಿಗೂ ಅದನ್ನು ಬಾವಿಯಂತೆ ಆಳ ಮಾಡುವ ಆಸೆ. ಹೂಳು ಎತ್ತಿ, ಆದರೆ ಒಂದು ವರ್ಷ ಒಂದು ಅರ್ಧ, ಮರುವರ್ಷ ಇನ್ನೊಂದು. ಉಳಿದರ್ಧದಲ್ಲಿ ಮೀನು, ಆಮೆ, ಜೊಂಡು ಬದುಕಿಕೊಳ್ಳುತ್ತವೆ. ಕಪ್ಪು ಹೂಳು ಮುಗಿದು ಗಟ್ಟಿ ಅಂಟುಮಣ್ಣು ತಗುಲಿದ ಕೂಡಲೇ ಅಗೆತ ನಿಲ್ಲಿಸಿ. ದಡವನ್ನು ಗೋಡೆಯಂತೆ ನೆಟ್ಟಗೆ ಕಡಿಯದೆ ಒಂದು ಬದಿಯಾದರೂ ಇಳಿಜಾರಾಗಿ ಬಿಡಿ. ಹುಂಡುಕೋಳಿಗೆ ಇಳಿಯಲು, ಬಿದ್ದ ದನಕ್ಕೆ ಹತ್ತಲು ದಾರಿ ಬೇಕಲ್ಲ. ಸಾಲ್ವೀನಿಯಾ ಎಂಬ ತೇಲುವ ಜರಿಗಿಡ ಕವಿದಿದ್ದರೆ ಬಿದಿರಿನ ಗಳದಿಂದ ಒಂದು ಮೂಲೆಗೆ ಒತ್ತಿ, ಬುಟ್ಟಿಯಲ್ಲಿ ಎತ್ತಿ, ದೂರದ ಗೊಬ್ಬರದ ಗುಂಡಿಗೆ ಹಾಕಿ. ಅದನ್ನು ತಿನ್ನುವ ಮೂತಿಹುಳುವನ್ನು 1980ರ ದಶಕದಲ್ಲಿ ಬೆಂಗಳೂರಿಗೆ ತರಿಸಿ ಬಿಟ್ಟು ಗೆದ್ದದ್ದುಂಟು, ಆದರೆ ಮನೆಯ ಕೆರೆಗೆ ಕೈಯೇ ಸಾಕು.

ಮೇಲಿನ ತೋಟದಿಂದ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಕೊಳೆ ನೀರು, ಇಳಿಯುತ್ತಿದ್ದರೆ ಕೆಳಗೆ ಮಾಡಿದ್ದೆಲ್ಲ ವ್ಯರ್ಥ. ಕಾಫಿ ಪಲ್ಪಿಂಗ್ ನಡೆಯುವುದು ತೋಡಿನಲ್ಲಿ ನೀರು ಇಳಿಯುವ ಕಾಲದಲ್ಲಿ. ಆ ಹುಳಿ ನೀರು ಕೊಳೆಯುವಾಗ ತೋಡಿನ ಆಮ್ಲಜನಕವನ್ನೆಲ್ಲ ಹೀರುತ್ತದೆ, ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಸೋರದ ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಕೊಳೆತು ತಿಳಿಯಾದ ಮೇಲೆ ತೋಟಕ್ಕೇ ಬಿಡಬೇಕು.

ಏನು ನೆಡಬೇಕು?

ಗದ್ದೆಯ ಒಳಗೆ ಏನೂ ನೆಡಬೇಡಿ. ಪರಿಸರ ದಿನಕ್ಕೆ ಸಸಿ ತಂದು ಪಾಳು ಗದ್ದೆಯ ನಡುವೆ ನೆಡುವವರನ್ನು ಕಂಡಾಗ ನನಗೆ ತಡಿಯಂಡಮೋಳ್, ಬ್ರಹ್ಮಗಿರಿಯ ಹುಲ್ಲುಗಾವಲು ನೆನಪಾಗುತ್ತದೆ. ಅಲ್ಲಿಯೂ ‘ಬೋಳು ಗುಡ್ಡ’ ಎಂದು ಮರ ನೆಡುವ ಉಮೇದು ಕೆಲವರಿಗೆ. ಮರವಿಲ್ಲದ್ದೆಲ್ಲ ಹಾಳಲ್ಲ. ಗದ್ದೆಯ ಮಣ್ಣಿನಲ್ಲಿ ಜೊಂಡಿನ, ನೀರುಹುಲ್ಲಿನ ಬೀಜ ಮಲಗಿರುತ್ತದೆ, ನೀರು ನಿಂತರೆ ತಾನೇ ಏಳುತ್ತದೆ. ನೆಡಲೇಬೇಕೆಂದರೆ ತೋಡಿನ ಅಂಚಿನಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ, ಕೇದಗೆ, ವಾಟೆ.

ಆಗುವುದಾದರೆ ಕಾಲು ಭಾಗದಲ್ಲಾದರೂ ಭತ್ತ ಹಾಕಿ. ಕೆಸರು ತುಳಿದಷ್ಟೂ ಒಡೆದ ತಳ ಕೂಡಿಕೊಳ್ಳುತ್ತದೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ಹುಡುಕಿ ಬೇರೆಯವರ ಗದ್ದೆಗೆ ಹೋಗುವ ಮುಜುಗರವೂ ತಪ್ಪುತ್ತದೆ. ಆನೆಗೆ ನನ್ನ ಬಳಿ ಮದ್ದಿಲ್ಲ. ಕಳೆದ ವರ್ಷ ಅರ್ಧ ಅವಕ್ಕೆ, ಅರ್ಧ ನಮಗೆ.

ಗೆದ್ದೆವೋ ಇಲ್ಲವೋ ತಿಳಿಯಲು ಬಾವಿಯ ಒಳಗೋಡೆಗೆ ಬಣ್ಣದಲ್ಲಿ ಅಡಿ ಗುರುತು ಹಾಕಿ, ಪ್ರತಿ ತಿಂಗಳ ಮೊದಲ ದಿನ ನೀರಿನ ಮಟ್ಟವನ್ನು ಕ್ಯಾಲೆಂಡರಿನಲ್ಲೇ ಬರೆಯಿರಿ. ಮೂರನೇ ಏಪ್ರಿಲ್‌ನಲ್ಲಿ ನಮ್ಮ ಬಾವಿಯಲ್ಲಿ ನಾಲ್ಕಡಿ ನೀರಿತ್ತು. ತೋಡಿಗೆ ಕೊಯಿಲೆ ಮೀನು ಮರಳಿದೆ.

ತಕರಾರೂ ಬಂದಿದೆ. ನಮ್ಮ ಗದ್ದೆಗೆ ತಾಗಿದ ಪಕ್ಕದವರ ತೋಟದ ಕೊನೆಯ ಸಾಲಿನ ಕಾಫಿ ಆಗಸ್ಟ್‌ನಲ್ಲಿ ಹಳದಿಯಾಯಿತು, ಬುಡದಲ್ಲಿ ನೀರು ನಿಂತಿತ್ತು. ಅಜ್ಜನೇ ನಡುವೆ ಕೂತು ಮಾತಾಡಿಸಿದರು. ಕೋಡಿಯ ಮೇಲಿನ ಒಂದು ಸಾಲು ಕಲ್ಲು ತೆಗೆದಿದ್ದೇನೆ, ನೀರು ಒಂದು ಗೇಣು ಇಳಿದಿದೆ. ಕಲ್ಲುಗಳನ್ನು ಬದುವಿನ ಮೇಲೇ ಜೋಡಿಸಿಟ್ಟಿದ್ದೇನೆ. ತೋಟದವರು ಆ ಸಾಲಿನ ಕಾಫಿ ಗಿಡ ಕಿತ್ತರೆ ಮತ್ತೆ ಏರಿಸುವುದು ಎಂದು ಒಪ್ಪಂದ.